ಅಕ್ಕನಿಗೆ ಕಟ್ಟಿದ ಹಸಿರು ಚೀಟಿ

ಆಟದ ಮೈದಾನದ ಗ್ಯಾಲರಿ ಕುಸಿದಾಗ ಎದ್ದೆನೋ ಬಿದ್ದೆನೋ ಎಂದು ಓಡಿಬಂದ ಮೊದಲ ನರ್ಸ್ ಇವಳೇ. ಗಾಯಾಳುಗಳನ್ನು ವಿಂಗಡಿಸುವ ಕೆಲಸ ಇವಳದು. ಕೈಯಲ್ಲಿ ಬಣ್ಣದ ಚೀಟಿಗಳ ಕಟ್ಟು. ಕೆಂಪು ಕಟ್ಟಿಸಿಕೊಂಡವರು ಮೊದಲ ಆಂಬುಲೆನ್ಸಿಗೆ, ಹಳದಿಯವರು ಆಮೇಲೆ, ಹಸಿರಿನವರು ಕಾಯಬೇಕು. ಕಪ್ಪಿನ ಮಾತು ಬಿಡಿ, ಅದು ಯಾರಿಗೂ ಬೇಡ. ಎಲ್ಲಕ್ಕೂ ಮೊದಲು ಮೈಕಿನಲ್ಲಿ ಕೂಗುವುದು ಪದ್ಧತಿ. ನಡೆದು ಬಂದವರಿಗೆಲ್ಲ ಕಣ್ಣುಮುಚ್ಚಿ ಹಸಿರು.

"ನಡೆಯೋಕೆ ಆಗೋರು ನನ್ನ ಹತ್ರ ಬನ್ನಿ!" ಎಂದು ಕೂಗಿದಳು.

ಬಂದವರ ನಡುವೆ ಇವಳ ಸ್ವಂತ ಅಕ್ಕ! ಆಟ ನೋಡಲು ಬಂದಿದ್ದಾಳೆಂದೇ ಇವಳಿಗೆ ಗೊತ್ತಿರಲಿಲ್ಲ. ಆದರೂ ನಡೆದು ಬಂದಿದ್ದಾಳಲ್ಲ, ಹೋದ ಜೀವ ಬಂದಂತಾಗಿ ಮಣಿಕಟ್ಟಿಗೆ ಹಸಿರು ಕಟ್ಟಿದಳು.

"ಹೊಟ್ಟೆ ಒಂಥರಾ ನೋಯ್ತಿದೆ ಕಣೇ. ಸ್ವಲ್ಪ ನೋಡ್ತೀಯಾ?" ಅಂದಳು ಅಕ್ಕ.

ನೋಡಬಹುದಿತ್ತು. ನಾಡಿ ಹಿಡಿಯಲು ಎಷ್ಟು ಹೊತ್ತು ಬೇಕು? ಆದರೆ ಸುತ್ತಲೂ ಜನ. ಹಿಂದೊಮ್ಮೆ ಬಸ್ಸು ಉರುಳಿದಾಗ ವಾರ್ಡಿನ ಡಾಕ್ಟರು ತಮ್ಮ ಭಾವಮೈದುನನನ್ನು ಎಲ್ಲರಿಗಿಂತ ಮುಂಚೆ ಕಳಿಸಿದ್ದನ್ನು ಆಸ್ಪತ್ರೆಯ ತುಂಬ ಆಡಿಕೊಂಡು ನಕ್ಕವಳು ಇವಳೇ. ಈಗ ತನ್ನ ಕಡೆಗೇ ಬೊಟ್ಟು ತೋರಿಸಿದರೆ?

"ಎಲ್ಲರಿಗೂ ನೋವಿದೆ ಅಕ್ಕ. ಸುಮ್ನೆ ಅಲ್ಲಿ ಕೂತ್ಕೋ."

ಹಸಿರಿನವರನ್ನೂ ಆಗಾಗ ಮತ್ತೆ ಪರೀಕ್ಷಿಸಬೇಕೆಂಬುದು ನಿಯಮ. ಪರೀಕ್ಷಿಸಿದಳು, ಒಬ್ಬೊಬ್ಬರನ್ನೂ. ಅಕ್ಕನಿಗೆ ಮಾತ್ರ ದೂರದಿಂದಲೇ ಕೈ ಬೀಸಿ ಮುಂದೆ ಹೋದಳು. ಆಹಾ, ಏನು ನ್ಯಾಯ, ಏನು ನಿಷ್ಠೆ! ಕೊನೆಗೆ ಪಕ್ಕದ ಮುದುಕಿ "ಈಯಮ್ಮ ಮಾತೇ ಆಡ್ತಿಲ್ಲ ನೋಡ್ರೀ!" ಎಂದು ಬೊಬ್ಬೆ ಹಾಕಿದಾಗ ಅಕ್ಕ ತಣ್ಣಗೆ ಬೆವೆತು ಗೋಡೆಗೊರಗಿದ್ದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಆಪರೇಷನ್ ಆಯಿತು. ಅಕ್ಕ ಉಳಿದಳು, ಕೂದಲೆಳೆಯಲ್ಲಿ.

"ಈ ಸ್ಥಿತೀಲಿ ನಡೆದು ಬಂದವರನ್ನ ನಾನು ಕಂಡೇ ಇಲ್ಲ. ನಡೆದವರಿಗೆ ಹಸಿರು ಕಟ್ಟಿದ್ದೀರಿ, ನಿಮ್ಮದೇನೂ ತಪ್ಪಿಲ್ಲ" ಎಂದರು ಆಪರೇಷನ್ ಮಾಡಿದ ಡಾಕ್ಟರು. ತಪ್ಪಿಲ್ಲವಂತೆ! ಕೈ ಬೀಸಿ ಹೋದದ್ದು ಅವರಿಗೇನು ಗೊತ್ತು? ಇವಳಿಗೆ ತನ್ನ ಮುಖ ತನಗೇ ಬೇಡವಾಗಿತ್ತು.

ಅಕ್ಕ ಕಣ್ಣುಬಿಟ್ಟಾಗ ಅವಳ ಕೈಹಿಡಿದು ಗೊಳೋ ಎಂದು ಅತ್ತಳು. "ನಾಲ್ಕು ಬಾರಿಸಕ್ಕ ನಂಗೆ. ಜನ ಏನಂತಾರೋ ಅಂತ ಬೇಕಂತಲೇ ನಿನ್ನ ನೋಡಲಿಲ್ಲ ನಾನು."

"ಅಯ್ಯೋ, ಹುಚ್ಚಿ." ಅಕ್ಕನಿಗೆ ದನಿಯೇ ಏಳುತ್ತಿರಲಿಲ್ಲ. "ನಂಗೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ ಕಣೇ. ನಿನ್ನ ಕೂಗು ಕೇಳಿಸ್ತು, ಏನಂದೆ ಅಂತ ತಿಳೀಲಿಲ್ಲ. ನೀನೂ ಗ್ಯಾಲರಿ ಅಡಿ ಸಿಕ್ಕಿಬಿದ್ಯೇನೋ ಅಂತ ಎದ್ದು ಬಂದೆ."