ಕರ್ನಲ್ ಸಾಹೇಬರ ಮೂರು ಚಕ್ರ

ದೆಹಲಿಯ ಕರೋಲ್ ಬಾಗಿನಲ್ಲಿ ಅದು ಮೂರನೇ ಸೈಕಲ್ ಅಂಗಡಿ. ನನ್ನ ಸೊಂಟ ಬಿದ್ದುಹೋಗಿತ್ತು. ಹತ್ತು ತಿಂಗಳ ಹಿಂದೆ ಇವರಿಗೆ, ಅಂದರೆ ನನ್ನ ಗಂಡ ಕರ್ನಲ್ ಅಪ್ಪಚ್ಚುವಿಗೆ, ಸ್ಟ್ರೋಕ್ ಆಯಿತು. ಅಂದಿನಿಂದ ದಿನಾ ಬೆಳಿಗ್ಗೆ ನೋಯ್ಡಾದ ನಮ್ಮ ಕಾಲೊನಿ ಪಾರ್ಕಿನಲ್ಲಿ ಇವರನ್ನು ನಡೆಸುವವಳು ನಾನೇ. ಆರಡಿ ಆಳು, ಪೂರ್ತಿ ಭಾರ ನನ್ನ ಬಲತೋಳಿನ ಮೇಲೆ. ನನಗೂ ಅರವತ್ತಾರು. ಇವರೊಬ್ಬರೇ ಓಡಾಡುವಂಥ ಗಾಡಿ ಸಿಗದಿದ್ದರೆ ನಾನೂ ಹಾಸಿಗೆ ಹಿಡಿಯುವುದು ಖಂಡಿತ ಎಂದು ಫಿಸಿಯೋಥೆರಪಿ ಹುಡುಗಿಯೇ ಹೇಳಿದ್ದಳು.

ಎತ್ತರದ ಸೈಕಲ್ಲಿಗೆ ಇವರ ಎಡಗಾಲು ಏಳಲಿಲ್ಲ. ಕೊನೆಗೆ ಅಂಗಡಿಯವನು ಒರಗಿ ಕೂತು ತುಳಿಯುವುದೊಂದನ್ನು ಹೊರತೆಗೆದ. ಮುಂದೆರಡು ಚಕ್ರ, ಹಿಂದೊಂದು, ನೆಲದಿಂದ ಒಂದು ಮೊಳ ಎತ್ತರಕ್ಕೆ ಈಸಿಚೇರಿನಂಥ ಸೀಟು, ಏಳುವುದಕ್ಕೆ ಪಕ್ಕದಲ್ಲಿ ಹಿಡಿಕೆ. ಇವರು ಹಿಂದಿನ ಗಲ್ಲಿಯಲ್ಲಿ ಯಾರ ಸಹಾಯವೂ ಇಲ್ಲದೆ ಎರಡು ಸುತ್ತು ಹೊಡೆದರು. ಆ ಮುಖ ನೋಡಬೇಕಿತ್ತು!

"ಬೋಜೂ, ಇದೇ," ಎಂದು ನನ್ನ ಕಡೆ ತಿರುಗಿದರು.

ಆಗ ಆ ಪುಣ್ಯಾತ್ಮ ಹಿಂದೆ ಉದ್ದನೆಯ ಕಡ್ಡಿ ಸಿಕ್ಕಿಸಿ ತುದಿಗೆ ಕಿತ್ತಳೆ ಬಣ್ಣದ ಬಾವುಟ ಹಾಕಿದ. "ಕರ್ನಲ್ ಸಾಬ್, ಇಷ್ಟು ತಗ್ಗಿನ ಗಾಡಿ ಕಾರಿನವರಿಗೆ ಕಾಣಲ್ಲ. ಝಂಡಾ ಬೇಕೇ ಬೇಕು."

ಇವರ ಮುಖ ಇಳಿಯಿತು. "ತೆಗಿ ಅದನ್ನ."

"ಯಾಕ್ರೀ?"

"ಸೈನ್ಯದಲ್ಲಿ ಗಾಡಿಗೆ ಬಾವುಟ ಇರೋದು ಬ್ರಿಗೇಡಿಯರ್‌ನಿಂದ ಮೇಲಿನವರಿಗೆ. ಕಾಲೊನಿಯವರು ನಗ್ತಾರೆ."

ಅಯ್ಯೋ ದೇವರೇ! ನಮ್ಮ ಕಾಲೊನಿ ತುಂಬ ಸೈನ್ಯದಿಂದ ನಿವೃತ್ತರಾದವರೇ. ಬ್ರಿಗೇಡಿಯರ್ ಹುದ್ದೆ ಎರಡು ಸಲ ಕೈತಪ್ಪಿ, ಇವರು ಕರ್ನಲ್ ಆಗಿಯೇ ನಿವೃತ್ತರಾಗಿ ಹದಿನಾರು ವರ್ಷವಾಯಿತು. ಆ ಗಾಯ ಇನ್ನೂ ಹಸಿಯಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಅಚ್ಛಾ! ನನ್ನ ತೋಳು ಬಿದ್ದುಹೋದ್ರೂ ಪರವಾಗಿಲ್ಲ, ನಿಮ್ಮ ರ‍್ಯಾಂಕ್ ಉಳೀಲಿ," ಎಂದೆ. ಗಾಡಿಯನ್ನು ಟೆಂಪೋಗೆ ಹಾಕಿಸಿದೆ. ಬಾವುಟ ಅಂಗಡಿಯಲ್ಲೇ ಉಳಿಯಿತು. "ಭಯ್ಯಾ, ಕಡ್ಡಿ ಮಾತ್ರ ಇರಲಿ," ಎಂದು ಇಸಿದುಕೊಂಡೆ.

ಮಾರನೆಯ ಬೆಳಿಗ್ಗೆ ಟ್ರಂಕು ತೆಗೆದು ಇವರ ಮದುವೆಯ ಚೇಲೆ ಹುಡುಕಿದೆ. ಕೊಡವ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಕೆಂಪು ರೇಷ್ಮೆಯ ಪಟ್ಟಿ ಅದು. ನಾಲ್ಕು ಮಡಿಕೆ ಮಾಡಿ ಕಡ್ಡಿಯ ತುದಿಗೆ ಕಟ್ಟಿದೆ.

"ಏನಿದು?"

"ಬಾವುಟ ಅಲ್ಲ, ನಿಮ್ಮ ಚೇಲೆ. ಇದನ್ನ ನಿಮಗೆ ಯಾವ ಜನರಲ್ ಸಾಹೇಬರೂ ಕೊಟ್ಟಿದ್ದಲ್ಲ, ಕಿತ್ತುಕೊಳ್ಳೋ ಹಾಗೂ ಇಲ್ಲ. ಚಲೋ, ಹೊರಡಿ."

ಕೈ ಚಾಚಿ ಗಂಟನ್ನು ಎಳೆದು ನೋಡಿದರು. "ಗಂಟು ಸಡಿಲ ಇದೆ, ಇನ್ನೊಂದು ಹಾಕು," ಎಂದರು.

ನಾನು ಪಾರ್ಕಿನ ಬೆಂಚಿನ ಮೇಲೆ ಕೂತೆ. ಬೇಲಿಗಿಡಗಳ ಆಚೆ ಇವರು ಮರೆಯಾದರು. ಅಭ್ಯಾಸಬಲದಿಂದ ಏಳಲು ಹೊರಟೆ. ಅಷ್ಟರಲ್ಲಿ ಗಿಡಗಳ ಮೇಲೆ ಕೆಂಪು ರೇಷ್ಮೆ ನಿಧಾನವಾಗಿ ಸರಿಯುವುದು ಕಾಣಿಸಿತು. ಅದು ಕಾಣುತ್ತಿರುವ ತನಕ ನಾನು ಏಳಬೇಕಾಗಿಲ್ಲ. ಹಾಗೇ ಕೂತಿದ್ದೆ.