ತೆರಿಗೆ ಬೇಡವೆಂಬ ಮನವಿ

"ಇದೇನ್ಲೇ ಮೂರ್ತಿ, ತೆರಿಗೆ ತೆಗೀರಿ ಅಂತ ಬರಿ ಅಂದ್ರೆ, ಇದ್ರೂ ಪರವಾಗಿಲ್ಲ ಅನ್ನಂಗೆ ಬರ್ದಿದೀಯ!"

ಎಣ್ಣೆ ಮಿಲ್ಲಿನ ಕೊಟ್ಟೂರಪ್ಪ ಕಾಗದವನ್ನು ಮೇಜಿನ ಮೇಲೆ ತಳ್ಳಿದ. ಚಳ್ಳಕೆರೆಯ ವರ್ತಕರ ಸಂಘದ ಕೋಣೆಯಲ್ಲಿದ್ದ ಇಪ್ಪತ್ತು ಮಂದಿಯೂ ಓಂಕಾರಮೂರ್ತಿಯ ಕಡೆ ತಿರುಗಿದರು. ವೃತ್ತಿ ತೆರಿಗೆಯನ್ನು ಇಟ್ಟುಕೊಳ್ಳಬೇಕೋ ತೆಗೆದುಹಾಕಬೇಕೋ ಹೇಳಿ ಎಂದು ಸರ್ಕಾರ ಸಂಘಗಳನ್ನೆಲ್ಲ ಕೇಳಿತ್ತು. ಉತ್ತರ ಸಂಜೆಯೊಳಗೆ ಹೋಗಬೇಕು. ಬರೆಯುವುದಕ್ಕೆ ಇವನನ್ನು ಬಿಟ್ಟರೆ ಇನ್ಯಾರಿದ್ದಾರೆ! ಮೂವತ್ತು ವರ್ಷದಿಂದ ಇವರೆಲ್ಲರ ತೆರಿಗೆ ಕಾಗದ ಬರೆದುಕೊಂಡು ಬಂದವನು ಅವನೇ.

ಗ್ರಹಚಾರ ನೋಡಿ. ಜಿಎಸ್‌ಟಿ ಬಂದ ಮೇಲೆ ದೊಡ್ಡ ಲೆಕ್ಕಗಳೆಲ್ಲ ಚಿತ್ರದುರ್ಗದ ಆಡಿಟರುಗಳ ಪಾಲಾಗಿ, ಓಂಕಾರಮೂರ್ತಿಗೆ ಉಳಿದದ್ದು ಈ ವೃತ್ತಿ ತೆರಿಗೆಯ ಕೆಲಸವೊಂದೇ. ಈ ಮನವಿ ಗೆದ್ದರೆ ಅವನ ಮನೆಯ ಒಲೆ ಆರುತ್ತದೆ. ಬರೆಯುವುದಿಲ್ಲ ಎಂದರೋ, ಇವರೇ ನಾಳೆಯಿಂದ ಕೆಲಸ ಕೊಡುವುದಿಲ್ಲ. "ಜ್ವರ ಅಂತ ಹೇಳಿ ಮಲಕ್ಕಂಬಿಡ್ರಿ" ಎಂದಿದ್ದಳು ಬೆಳಿಗ್ಗೆ ಹೆಂಡತಿ ದಾಕ್ಷಾಯಿಣಿ. ಪಾಪ, ಜ್ವರ ಎಂದರೂ ಇವರು ಹಾಸಿಗೆಯ ಪಕ್ಕವೇ ಕೂತು ಬರೆಸುವವರು!

"ಸಾವ್ಕಾರ್ರೆ, ಒಂದ್ ಮಾತು" ಎಂದ ಓಂಕಾರಮೂರ್ತಿ. "ಈ ದುಡ್ಡು ನಿಂತ್ರೆ ಸರ್ಕಾರ ಸುಮ್ನೆ ಕೂರ್ತೈತಾ? ಇನ್ನೊಂದ್ ಕಡೆ ಹಿಂಡ್ತೈತೆ. ಆಗ ಕೂಲಿಯೋರೂ ಕೊಡ್ಬೇಕಾಗ್ತೈತೆ. ಇದಾದ್ರೆ ಸಂಪಾದ್ನೆ ಇದ್ದೋರು ಮಾತ್ರ ಕೊಡ್ತಾರೆ."

ಮಾತೇನೋ ನಿಜವೇ. ಆದರೆ ಮಾತಾಡುತ್ತಿರುವುದು ತನ್ನ ಹೊಟ್ಟೆ ಎಂದು ಅವನಿಗೇ ಗೊತ್ತಿತ್ತು, ನಾಚಿಕೆಯಾಯಿತು.

"ಕೂಲಿಯೋರ ಚಿಂತೆ ನಿಂಗ್ಯಾಕ್ಲೇ? ನಮ್ದು ಬರಿ" ಎಂದ ಕೊಟ್ಟೂರಪ್ಪ.

ಮೊಳಕಾಲ್ಮೂರಿನಿಂದ ಬಂದಿದ್ದ ಸೀರೆ ಅಂಗಡಿಯ ಪುಷ್ಪಲತಾ ಮೆಲ್ಲಗೆ ಬಾಯಿ ತೆರೆದಳು. "ಬೇಜಾರ್ ಮಾಡ್ಕಬ್ಯಾಡ ಮೂರ್ತಣ್ಣ. ವರ್ಷಕ್ಕೆ ತೆರಿಗೆ ಎರಡೂವರೆ ಸಾವಿರ. ಅದನ್ನ ಕಟ್ಸಾಕೆ ನಿಂಗೆ ಮೂರು ಸಾವಿರ. ನಮಗೆ ಭಾರ ಅಂದ್ರೆ ಅದೇ ಅಲ್ವಾ?"

ಕೊಟ್ಟೂರಪ್ಪ ಮೇಜು ಗುದ್ದಿದ. "ಭೇಷ್! ಇದನ್ನೇ ಮೊದ್ಲು ಹಾಕು. ತೆರಿಗೆಗಿಂತ ಬರೆಯೋನ ಖರ್ಚೇ ಜಾಸ್ತಿ ಅಂತ. ಎಲ್ರುದ್ದೂ ಸೇರಿ ವರ್ಷಕ್ಕೆ ಎಷ್ಟಾಗ್ತೈತೆ, ಬರಿ."

ಆ ಮೊತ್ತ ಗೊತ್ತಿದ್ದದ್ದು ಓಂಕಾರಮೂರ್ತಿಗೊಬ್ಬನಿಗೇ. ಹೆಂಡತಿಗೂ ಅವನು ಸರಿಯಾಗಿ ಹೇಳಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದ. ಆಮೇಲೆ, ವರ್ತಕರಿಗೆ ತನ್ನಿಂದ ಆಗುತ್ತಿರುವ ಭಾರವನ್ನು ತಾನೇ ಬರೆದು, ತಾನೇ ಗಟ್ಟಿಯಾಗಿ ಓದಿದ: "ಒಂದು ಲಕ್ಷದ ಎಪ್ಪತ್ತನಾಲ್ಕು ಸಾವಿರ ರೂಪಾಯಿ."



"ಅಷ್ಟೇನಾ?" ಎಂದ ಕೊಟ್ಟೂರಪ್ಪ.

"ಸಂಘದಾಗಿರೋದು ಐವತ್ತೆಂಟು ಜನ, ಸಾವ್ಕಾರ್ರೆ. ಅಷ್ಟೇ."

"ನಿನ್ನ ಇಡೀ ವರ್ಷದ ಸಂಪಾದ್ನೇನಾ?"

"ಹೂಂ."

 ಓಂಕಾರಮೂರ್ತಿಗೆ, ತಾನು ಇವರ ಕಣ್ಣಿಗೆ ಭಾರವಾಗಿಯಾದರೂ ಕಂಡಿದ್ದರೆ ಚೆನ್ನಾಗಿತ್ತು ಎನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಂಕಟವಾಯಿತು.

"ಥೂ, ಇದನ್ನ ಕಳಿಸಿದ್ರೆ ಬೆಂಗಳೂರಿನೋರು ಬಿದ್ದು ಬಿದ್ದು ನಗ್ತಾರೆ. ಇದೂ ಒಂದ್ ಭಾರನಾ ಅಂತಾರೆ" ಎಂದ ಕೊಟ್ಟೂರಪ್ಪ. "ಇನ್ನೊಂದು ಸೊನ್ನೆ ಹಾಕ್ಲೇ."

ಪುಷ್ಪಲತಾ ತಲೆ ತಗ್ಗಿಸಿದಳು. ಬೇಡ ಎಂದವರು ಯಾರೂ ಇಲ್ಲ.

ಓಂಕಾರಮೂರ್ತಿ ಕೊನೆಗೊಂದು ಸೊನ್ನೆ ಸೇರಿಸಿದ. ಅಂಕಿಯ ನಡುವಿನ ಅಲ್ಪವಿರಾಮ ಜಾಗ ತಪ್ಪಿತು, ಹೊಡೆದು ಹಾಕಿದ, ಕಾಗದ ಗಲೀಜಾಯಿತು. ಗೀಟು ಬಿದ್ದ ಕಾಗದವನ್ನು ಅವನು ಇದುವರೆಗೆ ಯಾವ ಕಚೇರಿಗೂ ಕಳಿಸಿದವನಲ್ಲ. ಹೊಸ ಹಾಳೆಯೊಂದನ್ನು ತೆಗೆದುಕೊಂಡು ಮೊದಲಿನಿಂದ, ದುಂಡಗೆ, ಬರೆಯತೊಡಗಿದ.