ಒಂದೇ ಕೈಯ ನೆರಿಗೆ

ನನ್ನ ಅಕ್ಕ ಸೀರೆ ಉಟ್ಟು ಸೈಕಲ್ ತುಳಿಯುವವಳು. ಕಾಲಿಗೆ ಕ್ಯಾನ್ವಾಸ್ ಬೂಟು, ರವಿಕೆಯ ಬದಲು ತುಂಬುತೋಳಿನ ಟೀ ಶರ್ಟು, ಬೆನ್ನಿಗೊಂದು ಚೀಲ, ಸೊಂಟದಲ್ಲಿ ಸಿಕ್ಕಿಸಿಕೊಂಡ ಕಣ್ಣಾಸ್ಪತ್ರೆಯ ಗುರುತಿನ ಚೀಟಿ. ಒಳ್ಳೆಯ ದಿನ ಬರಲಿ ಅಂತ ಸೀರೆಯನ್ನು ಬೀರುವಿನಲ್ಲಿಟ್ಟು ಕಾಯುವ ಪೈಕಿಯಲ್ಲ. ತರಕಾರಿ ತರೋದಕ್ಕೂ ಸೀರೆ, ಗಿಡಕ್ಕೆ ನೀರು ಹಾಕೋದಕ್ಕೂ ಸೀರೆ.

ಆಸ್ಪತ್ರೆಯ ಮಬ್ಬುಗತ್ತಲೆಯ ಕೋಣೆಯಲ್ಲಿ ಅವಳು ಕಣ್ಣು ಪರೀಕ್ಷೆ ಮಾಡುತ್ತಾಳೆ. ಗೋಡೆಯ ಮೇಲಿನ ಅಕ್ಷರಗಳನ್ನು ಮಕ್ಕಳು ಹೊರಗೆ ಕಾಯುವಾಗಲೇ ಒಳಗಿನವರು ಓದುವುದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡು ಬಂದು ಪಟಪಟ ಒಪ್ಪಿಸಿಬಿಡುತ್ತಿದ್ದವಂತೆ. ಅದಕ್ಕೆ ಅಕ್ಕ ದೂರ ನಿಂತು ಸೆರಗು ಹರಡಿ, "ಇದರಲ್ಲಿ ಎಷ್ಟು ಚುಕ್ಕಿ ಇದೆ, ಎಣಿಸು ನೋಡೋಣ" ಅನ್ನುತ್ತಿದ್ದಳು. ಸೀರೆ ದಿನಾ ಬದಲಾಗುತ್ತದಲ್ಲ, ಬಾಯಿಪಾಠ ನಡೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೈಕಲ್ಲಿಗೆ ಬೆಕ್ಕು ಅಡ್ಡ ಬಂತು. ಅಕ್ಕ ಬಿದ್ದು ಬಲಗೈ ಮುರಿದುಕೊಂಡಳು. ಸೀರೆ ಚಕ್ರಕ್ಕೆ ಸಿಕ್ಕಿತಾ ಅಂತ ಕೇಳದವರಿಲ್ಲ. ಸೀರೆ ಪಾಪ, ಒಂದು ನೆರಿಗೆಯನ್ನೂ ಕೆದರಿಕೊಂಡಿರಲಿಲ್ಲ. ಮೂಳೆ ಕೂಡಿತು, ಬೆರಳುಗಳು ಮಾತ್ರ ಮಾತು ಕೇಳಲಿಲ್ಲ. ಏನನ್ನೂ ಹಿಡಿಯಲಾರದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ತಿಂಗಳು ನೈಟಿಯಲ್ಲೇ ಕಿಟಕಿಯ ಪಕ್ಕ ಕೂತಳು.

ಆಸ್ಪತ್ರೆಯವರು ಒಳ್ಳೆಯವರು, ಕಾದರು. ಕೊನೆಗೆ ಹೇಳಿಕಳಿಸಿದರು: ಪರೀಕ್ಷೆಯ ಕನ್ನಡಕಕ್ಕೆ ಗಾಜು ಬದಲಾಯಿಸೋದಕ್ಕೆ ಎಡಗೈ ಸಾಕು, ಮುಂದಿನ ಸೋಮವಾರ ಬನ್ನಿ, ಆಗದಿದ್ದರೆ ಬೇರೆಯವರನ್ನು ತಗೋಬೇಕಾಗುತ್ತೆ.

"ಬರಲ್ಲ ಅಂತ ಹೇಳಿಬಿಡ್ತೀನಿ," ಅಂದಳು ಅಕ್ಕ.

"ಯಾಕೆ? ಸೀರೆ ನಾನು ಉಡಿಸ್ತೀನಿ. ಬೆಳಿಗ್ಗೆ ಐದು ನಿಮಿಷದ ಕೆಲಸ." ನನ್ನದು ಹೊಲಿಗೆ ಅಂಗಡಿ, ಅವಳ ಮನೆಯ ಕೆಳಗೇ ಇದೆ. ಎಷ್ಟು ಹೊತ್ತಿನ ಮಾತು.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಉಡಿಸೋದು ಮದುಮಗಳಿಗೆ. ಇಲ್ಲಾ ಹೆಣಕ್ಕೆ. ನಾನು ಎರಡೂ ಅಲ್ಲ ಕಣೇ ಪುಟ್ಟಿ."

ನನಗೆ ನಲವತ್ತೆಂಟು ವರ್ಷ. ಅವಳಿಗೆ ನಾನಿನ್ನೂ ಪುಟ್ಟಿ.

"ಪ್ಯಾಂಟು ಹಾಕ್ಕೊಂಡು ಹೋದರಾಯ್ತಪ್ಪ," ಅಂದರು ಭಾವ, ಪೇಪರಿನ ಹಿಂದಿನಿಂದ. ಅಕ್ಕ ಅವರ ಕಡೆ ಸುಮ್ಮನೆ ನೋಡಿದಳು. ಭಾವ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಕೊಂಡರು.

ಸುಮ್ಮನಿರಬೇಕಿತ್ತು ನಾನು. ಇರಲಿಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಕ್ಕನ ನೀಲಿ ಚುಕ್ಕಿಯ ಸೀರೆಯನ್ನು ಮೇಜಿನ ಮೇಲೆ ಹರಡಿದೆ. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ. ಎತ್ತಿ ಹಿಡಿದರೆ ಬಿಸಿಲು ಅದರೊಳಗಿಂದ ಹಾದು ನನ್ನ ತೋಳಿನ ಮೇಲೆಲ್ಲ ಚುಕ್ಕಿಯಾಗಿ ಬೀಳುತ್ತಿತ್ತು. ಆ ಹೊತ್ತಿಗೆ ಬೀದಿಯಲ್ಲಿ ಸದ್ದಿರುವುದಿಲ್ಲ, ನನ್ನ ಮಿಷನ್ನಿನ ಗುಂಯ್ ಒಂದೇ. ಅರೆನಿದ್ದೆಯಲ್ಲಿ ನಡೆದಂತೆ ನಡೆದುಹೋಯಿತು: ಅಳೆದೆ, ಎರಡು ತುಂಡಾಗಿ ಕತ್ತರಿಸಿದೆ, ನೆರಿಗೆ ಹಿಡಿದು ಪಟ್ಟಿಗೆ ಸೇರಿಸಿ ಹೊಲಿದೆ. ಲಂಗದ ಹಾಗೆ ಏರಿಸಿಕೊಂಡು ಒಂದು ಕೊಕ್ಕೆ ಸಿಕ್ಕಿಸಿ, ಸೆರಗು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಹೊಲಿಗೆ ಸವರಿದಳು. "ಚೆನ್ನಾಗಿ ಹೊಲಿದಿದ್ದೀಯ," ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮತ್ತೆ ಸೋಮವಾರ ಇದನ್ನೇ..."

"ಇದನ್ನ ಹಾಕ್ಕೋಬೇಕು. ಉಡೋಕಾಗಲ್ಲ." ಆಮೇಲೆ, ಚಿಕ್ಕ ಹುಡುಗಿಗೆ ಹೇಳುವ ಹಾಗೆ, ಮೆಲ್ಲಗೆ ಹೇಳಿದಳು: "ನೋಡು, ಟೀ ಶರ್ಟು ತೊಡ್ತೀನಿ. ಬೂಟು ಹಾಕ್ಕೋತೀನಿ. ಅದಕ್ಕೆಲ್ಲ ನನ್ನದೇನೂ ತಕರಾರಿಲ್ಲ. ಸೀರೆ ಉಡ್ತೀನಿ. ಬೆಳಿಗ್ಗೆ ಎದ್ದು ಅಷ್ಟುದ್ದದ ಬಟ್ಟೆನ ನನ್ನ ಸುತ್ತ ನಾನೇ ಒಂದು ರೂಪಕ್ಕೆ ತರ್ತೀನಲ್ಲ, ಆಗಲೇ ನಾನು ಎದ್ದಿದ್ದೀನಿ ಅಂತ ನನಗೆ ಅನ್ನಿಸೋದು. ಅದೊಂದೂ ಇಲ್ಲದೆ ಜನರ ಮುಂದೆ ಹೋಗಿ ಏನು ನಿಂತ್ಕೊಳ್ಳಲಿ?"

ಕೇಳದೆ ಕತ್ತರಿ ಹಾಕಿದ ನನ್ನ ಕೈಗಿಷ್ಟು ಬೆಂಕಿ ಬೀಳಲಿ ಅಂದುಕೊಳ್ಳುತ್ತ ಕೆಳಗಿಳಿದೆ. ಹೊಲಿಗೆಯನ್ನೆಲ್ಲ ಬಿಚ್ಚಿ ಎರಡು ತುಂಡನ್ನು ಮತ್ತೆ ಕೂಡಿಸಿದೆ. ಅಡ್ಡಕ್ಕೆ ಒಂದು ಗೆರೆ ಉಳಿದೇ ಉಳಿಯಿತು.

ಮಾರನೆಯ ದಿನದಿಂದ ಮಧ್ಯಾಹ್ನ ಅಂಗಡಿ ಮುಚ್ಚಿ, ಒಂದು ಪಟ್ಟಿ ಬಟ್ಟೆಯಿಂದ ನನ್ನ ಬಲಗೈ ಬೆರಳುಗಳನ್ನು ಬಿಗಿಯಾಗಿ ಸುತ್ತಿ, ಅದೇ ಚುಕ್ಕಿ ಸೀರೆಯನ್ನು ಎಡಗೈಯೊಂದರಿಂದ ಉಡಲು ಶುರುಮಾಡಿದೆ. ಸೀರೆ ಜಾರಿತು. ಮತ್ತೆ ಎತ್ತಿಕೊಂಡೆ, ಮತ್ತೆ ಜಾರಿತು. ಹುಟ್ಟಿದಾಗಿನಿಂದ ಬಟ್ಟೆಯ ಜೊತೆಗೇ ಇರುವವಳು ನಾನು, ಅದು ನನ್ನ ಪರಿಚಯವೇ ಇಲ್ಲದ ಹಾಗೆ ಕಾಲ ಬುಡದಲ್ಲಿ ಮಲಗಿಬಿಡುತ್ತಿತ್ತು. ಸುಸ್ತಾಗಿ ಅದರ ಮೇಲೇ ಮಲಗಿದರೆ ಜೊಂಪು. ಜೊಂಪಿನಲ್ಲಿ ಆ ಸೀರೆಗೆ ಕೊನೆಯೇ ಇರುತ್ತಿರಲಿಲ್ಲ. ಮೆಟ್ಟಿಲಿಳಿದು, ಬೀದಿಯುದ್ದಕ್ಕೂ ನೀರಿನಂತೆ ಹರಿದು, ಯಾರ ಯಾರದೋ ಮನೆಯೊಳಗೆ ಹೊಕ್ಕು ಹೊರಬರುತ್ತಿತ್ತು. ನಾನು ಸೆರಗು ಹುಡುಕುತ್ತ ನಡೆಯುತ್ತಿದ್ದೆ. ಯಾರಿಗೂ ಅವಸರವಿರಲಿಲ್ಲ.

ಶುಕ್ರವಾರ ಹಾಗೆ ಎಚ್ಚರವಾದಾಗ ಸೀರೆ ನನ್ನ ಬಲಭುಜದ ಮೇಲಿತ್ತು. ನಿದ್ದೆಗಣ್ಣಲ್ಲಿ ನಾನೇ ಹೊದ್ದುಕೊಂಡಿದ್ದೆ, ಎಡಗೈಯಿಂದ. ಹಾಗೇ ಕೂತುಬಿಟ್ಟೆ. ಎಡಗೈಗೆ ಸಲೀಸಾಗಿ ಸಿಗುವುದು ಬಲಭುಜ. ಇಡೀ ಸೀರೆಯನ್ನೇ ತಿರುಗಿಸಿ ಉಟ್ಟರೆ? ನೆರಿಗೆಯನ್ನು ಹೊಟ್ಟೆಗೆ ಒತ್ತಿಕೊಂಡಿರಲು ಬೆರಳೇ ಬೇಕಿಲ್ಲ, ಮಣಿಕಟ್ಟು ಸಾಕು. ಸಂಜೆಯೊಳಗೆ ಒಂದು ಸಲ ನಿಂತಿತು. ವಕ್ರವಾಗಿತ್ತು, ಆದರೂ ನಿಂತಿತು.

ಶನಿವಾರ ಕೈಗೆ ಪಟ್ಟಿ ಸುತ್ತಿಕೊಂಡೇ ಮೇಲೆ ಹೋದೆ. ಅಕ್ಕ ನನ್ನ ಕೈ ನೋಡಿದಳು, ಮುಖ ನೋಡಿದಳು. "ಏನೇ ಇದು ವೇಷ?" ಅಂದು ನಕ್ಕಳು. ಮೂರು ತಿಂಗಳಲ್ಲಿ ಮೊದಲ ನಗು.

"ನಾನು ಮುಟ್ಟಲ್ಲ. ಪಕ್ಕದಲ್ಲಿ ನಿಂತು ನನಗೆ ನಾನು ಉಟ್ಕೋತೀನಿ, ಅಷ್ಟೇ. ಬೇಕಾದರೆ ನೋಡು, ಬೇಡವಾದರೆ ಕಿಟಕಿ ಇದ್ದೇ ಇದೆ."

ಬೀರುವಿನ ಕನ್ನಡಿಯ ಮುಂದೆ ಇಬ್ಬರೂ ನಿಂತೆವು. ಒಳಲಂಗಕ್ಕೆ ಲಾಡಿಯ ಬದಲು ಎಲಾಸ್ಟಿಕ್ ಹಾಕಿಕೊಟ್ಟಿದ್ದೆ. ಅದಕ್ಕೆ ಅವಳು ತಕರಾರು ಮಾಡಲಿಲ್ಲ. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಎರಡು ಸೀರೆಗಳೂ ಉಬ್ಬಿ ಇಳಿಯುತ್ತಿದ್ದವು. ಒಂದು ಸುತ್ತು. ಅವಳದು ಜಾರಿತು. ಮತ್ತೆ ಒಂದು ಸುತ್ತು. ನನ್ನ ಎಡಗೈ ಅವಳ ಕಡೆ ತಾನಾಗಿಯೇ ಹೊರಡುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಒಂದು ಮಡಿಕೆ, ಅದರ ಮೇಲೆ ಮಣಿಕಟ್ಟು, ಇನ್ನೊಂದು ಮಡಿಕೆ. ಬಾಗಿಲಲ್ಲಿ ಕಾಫಿ ಹಿಡಿದು ಬಂದ ಭಾವ ಅಲ್ಲೇ ನಿಂತು, ಆಮೇಲೆ ಆ ಎರಡು ಲೋಟವನ್ನೂ ತಾವೇ ಕುಡಿದು ಹೋದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಬಿಸಿಲು ಮಂಚದಿಂದ ಗೋಡೆಗೆ ಹತ್ತಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಸೆರಗನ್ನು ಬಲಭುಜದ ಮೇಲೆ ಎಸೆದು ನಿಂತಳು. ಕನ್ನಡಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನೋಡಿದಳು.

"ಪುಟ್ಟಿ, ಕನ್ನಡಿ ಎಡಬಲ ತಿರುಗಿಸಿ ತೋರಿಸುತ್ತಲ್ಲ. ಇಷ್ಟು ವರ್ಷ ನಿಮಗೆಲ್ಲ ನಾನು ಹೀಗೇ ಕಾಣ್ತಿದ್ನಾ?"

ಹೌದು. ಸೆರಗು ಎಡಭುಜಕ್ಕೆ ಬಿದ್ದ ಅಕ್ಕ, ನಾವೆಲ್ಲ ನೋಡುತ್ತಿದ್ದ ಅಕ್ಕ, ಕನ್ನಡಿಯಲ್ಲಿ ನಿಂತಿದ್ದಳು. ಅವಳನ್ನು ಅಕ್ಕ ನೋಡಿದ್ದು ಅದೇ ಮೊದಲು. "ಪರವಾಗಿಲ್ವೇ ನಾನು," ಅಂದಳು.

ಸೋಮವಾರ ಬೆಳಿಗ್ಗೆ ಬೂದು ಬಣ್ಣದ ಸೀರೆ. ಒಳಗೆ ಚಿಲಕ ಹಾಕಿಕೊಂಡು ಉಟ್ಟು ಬಂದಳು. ಸೈಕಲ್ಲು ಇನ್ನೂ ಬೇಡ ಅಂತ ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದೆ. ರಾತ್ರಿಯ ಮಂಜು ಇನ್ನೂ ಕರಗಿರಲಿಲ್ಲ, ಎದುರಿಗೆ ಬರುವವರು ಹತ್ತಿರ ಬಂದ ಮೇಲೇ ಮನುಷ್ಯರಾಗುತ್ತಿದ್ದರು. ಸ್ಟಾಪಿನ ಕಟ್ಟೆ ಹತ್ತುವಾಗ ಅಕ್ಕನ ಬೂಟು ಸೀರೆಯ ಅಂಚನ್ನು ತುಳಿಯಿತು. ನೆರಿಗೆಯೆಲ್ಲ ಒಂದೇ ಸಲ ಕಳಚಿ ಕೆಳಗೆ ಬಿತ್ತು.

ಬಸ್ಸು ಅಷ್ಟರಲ್ಲೇ ಬಂದು ನಿಂತಿತು. ಕಾಯುತ್ತಿದ್ದವರಲ್ಲಿ ಒಬ್ಬ ಹೆಂಗಸು ಕೈಚೀಲ ಕೆಳಗಿಟ್ಟು ಓಡಿಬಂದಳು, "ತಾಳಿ ತಾಳಿ, ನಾನು ಉಡಿಸ್ತೀನಿ."

ಅಕ್ಕನ ಮುಖ ಬಿಳಚಿಕೊಂಡಿತು. ಕಿಟಕಿಯ ಪಕ್ಕ ಮೂರು ತಿಂಗಳು ನೋಡಿದ ಅದೇ ಮುಖ. ಮನೆಗೆ ಹೋಗೋಣ ಅಂತ ಹೇಳಿಬಿಡುತ್ತಾಳೆ, ಇನ್ನು ಯಾವತ್ತೂ ಹೊರಗೆ ಬರುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ನನ್ನ ಎರಡು ಕೈಗೂ ಆ ನೆರಿಗೆ ಒಂದು ನಿಮಿಷದ ಕೆಲಸ.

"ಬೇಡಮ್ಮ," ಅಂದೆ ಆ ಹೆಂಗಸಿಗೆ. "ಅವಳೇ ಉಟ್ಕೋತಾಳೆ." ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆನ್ನು ತಿರುಗಿಸಿ ನಿಂತೆ, ಅಕ್ಕನಿಗೂ ರಸ್ತೆಗೂ ನಡುವೆ.

ಬಸ್ಸಿನ ಕಿಟಕಿಗಳೆಲ್ಲ ನಮ್ಮನ್ನೇ ನೋಡುತ್ತಿದ್ದವು. ಡ್ರೈವರ್ ಒಂದು ನಿಮಿಷ ಕಾದ, ಹೊರಟುಹೋದ. ಹಿಂದೆ ಬಟ್ಟೆಯ ಸದ್ದು ಬರುತ್ತಿತ್ತು. ಒಮ್ಮೆ ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಶುರುವಾಯಿತು.

ಮುಂದಿನ ಬಸ್ಸು ಮಂಜಿನೊಳಗಿಂದ ಮೂತಿ ತೋರಿಸಿದಾಗ ಅಕ್ಕ ನನ್ನ ಮುಂದೆ ಬಂದು ನಿಂತಳು. ಮೂಗಿನ ಮೇಲೆ ಬೆವರು. ನಾಲ್ಕೇ ನೆರಿಗೆ, ಅಂಚು ಒಂದು ಕಡೆ ಮೂರು ಬೆರಳು ಮೇಲೆ.

"ಸರಿಯಾಗಿದೆಯೇನೇ?"

ಅಂಥದ್ದೊಂದು ಅಂಚನ್ನು ನಾನು ಅಂಗಡಿಯಿಂದ ಆಚೆ ಬಿಟ್ಟವಳಲ್ಲ.

"ಉಟ್ಟಿದ್ದೀಯಲ್ಲ ಅಕ್ಕ," ಅಂದೆ. "ಹತ್ತು, ಹೊತ್ತಾಯ್ತು."

ಎಡಗೈಯಿಂದ ಕಂಬಿ ಹಿಡಿದು ಹತ್ತಿಕೊಂಡಳು. ಬಸ್ಸು ಹೋಯಿತು. ಇನ್ನೂ ತನ್ನ ಬಸ್ಸಿಗೆ ಕಾಯುತ್ತಿದ್ದ ಆ ಹೆಂಗಸು ಪಕ್ಕಕ್ಕೆ ಬಂದು, "ಕೈಗೆ ಚಳಿಯಾಗ್ತಿದೆಯಾ ಅಮ್ಮ?" ಅಂತ ಕೇಳಿದಳು. ನನ್ನ ಕೈಗಳು ಇನ್ನೂ ಕಂಕುಳಲ್ಲೇ ಇದ್ದವು, ಬಿಟ್ಟರೆ ಆ ಅಂಚು ಸರಿಮಾಡಲು ಬಸ್ಸಿನ ಹಿಂದೆ ಓಡಿಬಿಡುತ್ತವೇನೋ ಅಂತ ಹೊರಗೆ ತೆಗೆಯಲು ಧೈರ್ಯ ಬರುತ್ತಿರಲಿಲ್ಲ.